ಕಲ್ಲಿನ ಮೇಲೆ ಕಲಿತ ಲಾರಿ

ನನ್ನ ತಮ್ಮನಿಗೆ ಮಾತಿನ ತೊಂದರೆ ಇತ್ತು ಎಂದೊಡನೆ ಕೇಳಿದವರು ‘ಉಗ್ಗುತ್ತಿದ್ದನೇ?’ ಎನ್ನುತ್ತಾರೆ. ಉಗ್ಗಲ್ಲ. ಕಿವುಡೂ ಅಲ್ಲ, ಮಂಕೂ ಅಲ್ಲ. ಈ ಮೂರೂ ಅಲ್ಲ ಎಂದು ಎಷ್ಟು ಜನರಿಗೆ ಹೇಳಿದ್ದೇನೋ, ಹೇಳಿ ಹೇಳಿ ಈಗ ಸಿಟ್ಟೇ ಬರುತ್ತದೆ. ಅವನ ನಾಲಿಗೆ ಚೆನ್ನಾಗಿಯೇ ಹೊರಳುತ್ತಿತ್ತು. ಬೇಕಾದ ಮಾತು ಬೇಕಾದ ಹೊತ್ತಿಗೆ ಅವನಿಗೆ ಸಿಗುತ್ತಿರಲಿಲ್ಲ, ಅಷ್ಟೆ. ಕೊಡಲಿ ಬೇಕಾದರೆ ‘ಅದು... ಅದು... ಕಟಗಿ ಒಡಿಯೂದು’ ಎನ್ನುತ್ತಿದ್ದ. ನಿನ್ನೆ ನಡೆದದ್ದನ್ನು ಹೇಳಲು ಹೊರಟರೆ ಕೊನೆಯಿಂದ ಶುರುಮಾಡಿ ನಡುವಿಗೆ ಬಂದು ನಿಂತುಬಿಡುತ್ತಿದ್ದ. ಇನ್ನೊಬ್ಬರು ಹೇಳುವುದನ್ನು ಹಿಡಿಯುವುದೂ ಅವನಿಗೆ ಅಷ್ಟೇ ಕಷ್ಟ. ಒಂದು ಕೆಲಸ ಹೇಳಿದರೆ ನಮ್ಮೆಲ್ಲರಿಗಿಂತ ಅಚ್ಚುಕಟ್ಟಾಗಿ ಮಾಡುತ್ತಿದ್ದ. ಎರಡು ಹೇಳಿದರೆ ಎರಡನೆಯದನ್ನು ಮಾತ್ರ ಮಾಡುತ್ತಿದ್ದ. ಮೂರು ಹೇಳಿದರೆ ನಿಂತಲ್ಲೇ ನಿಂತು ನಮ್ಮ ಮುಖ ನೋಡುತ್ತಿದ್ದ.

ನಾನು ಅವನಿಗಿಂತ ಮೂರು ವರ್ಷ ದೊಡ್ಡವನು. ನಮ್ಮ ಮನೆ ಕೊಪ್ಪಳದಲ್ಲಿ, ಕೋಟೆಯ ಕೆಳಗಿನ ಓಣಿಯಲ್ಲಿತ್ತು. ಅಪ್ಪ ಬಾಡಿಗೆ ಬಂಡಿ ಹೊಡೆಯುತ್ತಿದ್ದ. ಕುಷ್ಟಗಿ, ಯಲಬುರ್ಗಾ ಕಡೆಯ ಎರೆಹೊಲಗಳಿಂದ ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡು ಬಂದು ಸ್ಟೇಷನ್ನಿನ ಹತ್ತಿರದ ಗಿರಣಿಗೆ ಹಾಕುವುದು ಅವನ ಕೆಲಸ. ತಮ್ಮ ಮೂರು ವರ್ಷದವನಾದರೂ ಎರಡು ಮಾತು ಕೂಡಿಸದಿದ್ದಾಗ ಅವ್ವ ಬಜೆ ತೇಯ್ದು ಅವನ ನಾಲಿಗೆಗೆ ಸವರಿದಳು. ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಬಂದು ಪ್ರತಿ ಶುಕ್ರವಾರ ತಿನ್ನಿಸಿದಳು. ಆ ಸಕ್ಕರೆಯ ಆಸೆಗೆ ನಾನೂ ಒಂದು ವಾರ ಮೂಕನಂತೆ ನಟಿಸಿದ್ದೆನಂತೆ. ಅವ್ವ ಅದನ್ನು ನೆನೆದು ನಗುತ್ತಿದ್ದಳು. ನಗು ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಸಾಲಿಗೆ ಹಾಕಿದ ಮೇಲೆ ಅವನ ತೊಂದರೆ ಕಾಣದಂತಾಯಿತು ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಆದದ್ದು ಹಾಗೆಯೇ. ಅದು ನಿಜಾಮರ ಕಾಲ. ಮೇಲಿನ ತರಗತಿಗೆ ಹೋದಂತೆ ಪಾಠವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಕೇಳದ ಬಂಡಿಯವರ, ಕುರುಬರ, ಹಮಾಲರ ಮಕ್ಕಳಲ್ಲಿ ಅರ್ಧಕ್ಕರ್ಧ ಅಲ್ಲೇ ಸಾಲಿ ಬಿಡುತ್ತಿದ್ದರು. ‘ಉರ್ದು ತಲಿಗೆ ಹತ್ತಲಿಲ್ಲ’ ಎಂದರೆ ಸಾಕು, ಯಾರೂ ಮರುಪ್ರಶ್ನೆ ಕೇಳುತ್ತಿರಲಿಲ್ಲ. ಅದರಲ್ಲಿ ಮರ್ಯಾದೆಗೇನೂ ಧಕ್ಕೆ ಇರಲಿಲ್ಲ. ತಮ್ಮನೂ ಆ ಗುಂಪಿನಲ್ಲಿ ಸೇರಿಹೋದ. ಅವನಿಗೆ ಕನ್ನಡದ ಮಾತೂ ಅಷ್ಟೇ ತಡವಾಗಿ ಸಿಗುತ್ತದೆ, ಅವ್ವ ಆಡುವ ಮಾತೂ ಅರ್ಧ ಜಾರಿಹೋಗುತ್ತದೆ ಎಂಬುದು ಮನೆಯವರಾದ ನಮಗೆ ಮಾತ್ರ ಗೊತ್ತಿತ್ತು. ನಾವು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಯಾರಾದರೂ ಕೇಳಿದರೆ ಉರ್ದುವಿನ ಮೇಲೆ ಹಾಕಿಬಿಡುತ್ತಿದ್ದೆವು.

ನನಗೆ ಮಾತ್ರ ಉರ್ದು ಬೆಲ್ಲದಂತೆ ಒಲಿಯಿತು. ಇಪ್ಪತ್ತು ತುಂಬುವುದರೊಳಗೆ ಊರಿನ ಸಾಲಿಯಲ್ಲಿ ಸಣ್ಣ ಮಾಸ್ತರನಾದೆ. ಓಣಿಯವರ ಅರ್ಜಿ ಬರೆಯುವವನು ನಾನು, ಕಚೇರಿಯಲ್ಲಿ ಅವರ ಪರವಾಗಿ ಮಾತಾಡುವವನು ನಾನು. ನನ್ನ ನಾಲಿಗೆಯ ಬಗ್ಗೆ ನನಗೆ ಭಾರಿ ಹೆಮ್ಮೆ ಇತ್ತು. ಆ ಹೆಮ್ಮೆಯ ಮೊದಲ ತಾಲೀಮು ನಡೆದದ್ದು ಮನೆಯಲ್ಲೇ. ತಮ್ಮ ಬಾಯಿ ತೆರೆದರೆ ಸಾಕು, ಅವನ ಮಾತನ್ನು ನಾನು ಮುಗಿಸುತ್ತಿದ್ದೆ.

ಒಂದು ಸಂಗತಿ ಹೇಳುತ್ತೇನೆ. ಅವ್ವನ ತವರು ಗಂಗಾವತಿಯ ಹತ್ತಿರದ ಮರಳಿ ಎಂಬ ಹಳ್ಳಿ. ಅಲ್ಲಿ ಬತ್ತದ ಕೊಯ್ಲಿಗೆ ನಾವು ಪ್ರತಿ ವರ್ಷ ಹೋಗುತ್ತಿದ್ದೆವು. ತಮ್ಮನಿಗೆ ಆಗ ಹದಿನಾಲ್ಕು. ಮಧ್ಯಾಹ್ನ ಮಾವನ ಹೋರಿ ಹಗ್ಗ ಹರಿದುಕೊಂಡು ಹೋಯಿತು. ಅದನ್ನು ನೋಡಿದವನು ತಮ್ಮ ಒಬ್ಬನೇ.

“ಯಾ ಕಡೆ ಹೋತೋ ಹೋರಿ?” ಎಂದು ಮಾವ ಕೇಳಿದ.

“ಅದು... ನೀರಿಂದು... ಅದರ...” ಎಂದು ತಮ್ಮ ಕೈ ಎತ್ತಿದ.

“ಕಾಲಿವಿ ಕಡೆ ಹೋಗೇತಂತ್ರೀ ಮಾವಾ,” ಎಂದು ನಾನು ಮುಗಿಸಿದೆ.

ತಮ್ಮ ನನ್ನನ್ನು ನೋಡಿದ. ಎತ್ತಿದ ಕೈ ಇಳಿಸಿ ‘ಹೂಂ’ ಎಂದು ತಲೆಯಾಡಿಸಿದ. ನಾಲ್ಕು ಜನ ಕಾಲುವೆಯ ದಂಡೆಗುಂಟ ಹೊತ್ತು ಇಳಿಯುವವರೆಗೆ ಅಲೆದರು. ಹೋರಿ ಇದ್ದದ್ದು ನೀರು ಸೇದುವ ಬಾವಿಯ ಹಿಂದೆ, ಬಣವೆಯ ಮರೆಯಲ್ಲಿ, ಆರಾಮವಾಗಿ ಹುಲ್ಲು ತಿನ್ನುತ್ತ. “ಗೊತ್ತಿದ್ದೂ ಯಾಕಲೇ ಹೂಂ ಅಂದಿ?” ಎಂದು ಎಲ್ಲರೆದುರು ಅವನಿಗೆ ಬೈದೆ. ನಾನು ಹೇಳಿದ್ದಕ್ಕೆ ಹೂಂ ಎನ್ನುವುದು ಅವನಿಗೆ ಹೇಳುವುದಕ್ಕಿಂತ ಸುಲಭವಾಗಿಬಿಟ್ಟಿದೆ ಎಂದು ನನಗೆ ಆಗ ಹೊಳೆಯಲಿಲ್ಲ.

ಆ ವಯಸ್ಸಿನಿಂದಲೇ ಅವನಿಗೆ ದಿನಗಳು ಕಠಿಣವಾದವು. ಸಣ್ಣ ಮಕ್ಕಳು ಕೂಡಿ ಆಡುವುದಕ್ಕೆ ಮಾತು ಅಷ್ಟಾಗಿ ಬೇಕಿಲ್ಲ. ಮೀಸೆ ಮೂಡುವ ಹುಡುಗರಿಗೆ ಮಾತೇ ಆಟ. ಕಟ್ಟೆಯ ಮೇಲೆ ಕುಳಿತು ಒಬ್ಬ ಕಾಲೆಳೆದರೆ ಇನ್ನೊಬ್ಬ ತಟ್ಟನೆ ತಿರುಗಿಸಿ ಕೊಡಬೇಕು. ತಮ್ಮನಿಗೆ ತಿರುಗಿಸಿ ಕೊಡುವ ಮಾತು ಸಿಗುವಷ್ಟರಲ್ಲಿ ಕಟ್ಟೆ ಖಾಲಿಯಾಗಿರುತ್ತಿತ್ತು. ಕ್ರಮೇಣ ಅವನು ಕಟ್ಟೆಗೆ ಹೋಗುವುದನ್ನೇ ಬಿಟ್ಟ. ಅಪ್ಪನ ಜೊತೆ ಬಂಡಿಯ ಮೇಲೆ ಕುಳಿತು ಕುಷ್ಟಗಿಯ ದಾರಿ ಹಿಡಿಯುತ್ತಿದ್ದ. ಎತ್ತುಗಳು ಅವನ ಹಗ್ಗದ ಜಗ್ಗಿಗೆ ಅಪ್ಪನ ಜಗ್ಗಿಗಿಂತ ಚೆನ್ನಾಗಿ ಬಗ್ಗುತ್ತಿದ್ದವು.

ಮುಂದೆ ಗಿರಣಿಯ ಸಾಹುಕಾರರು ಒಂದು ಲಾರಿ ತಂದರು. ಬಂಡಿ ಎರಡು ದಿನಕ್ಕೆ ತರುವುದನ್ನು ಅದು ಅರ್ಧ ದಿನಕ್ಕೆ ತಂದು ಹಾಕುತ್ತಿತ್ತು. ಅಪ್ಪನ ಬಂಡಿಗೆ ಕೆಲಸ ಇಳಿಯಿತು. ಎತ್ತುಗಳಲ್ಲಿ ಒಂದು ಮುದಿಯಾಗಿ ಸತ್ತ ಮೇಲೆ ಇನ್ನೊಂದನ್ನು ತರುವ ಉಸಾಬರಿಗೆ ಅಪ್ಪ ಹೋಗಲಿಲ್ಲ. ಯುದ್ಧದ ಕಾಲವಾದ್ದರಿಂದ ಪೆಟ್ರೋಲು ಸಿಗುತ್ತಿರಲಿಲ್ಲ, ಲಾರಿ ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿತ್ತು. ಹಿಂದುಗಡೆ ಕಟ್ಟಿದ ದೊಡ್ಡ ಡಬ್ಬಿಯಲ್ಲಿ ಇದ್ದಿಲು ತುಂಬಿ, ಕೈಯಿಂದ ಗಾಳಿಯ ಚಕ್ರ ತಿರುಗಿಸಿ ತಿರುಗಿಸಿ ಗ್ಯಾಸು ಎಬ್ಬಿಸಬೇಕು. ಆ ಚಕ್ರ ತಿರುಗಿಸುವುದಕ್ಕೆ ಹದಿನೈದರ ತಮ್ಮ ಸೇರಿಕೊಂಡ. ಸಂಜೆ ಮನೆಗೆ ಬಂದಾಗ ಅವನ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿತ್ತು. ನಮ್ಮ ಅನ್ನ ಕಸಿದ ಲಾರಿಗೇ ಮಗ ದುಡಿಯುವುದು ಅಪ್ಪನಿಗೆ ಒಂದಿಷ್ಟು ದಿನ ನುಂಗಲಾರದ ತುತ್ತಾಗಿತ್ತು, ಆಮೇಲೆ ಸುಮ್ಮನಾದ.

ಲಾರಿ ಓಡಿಸುತ್ತಿದ್ದವರು ನಮ್ಮೂರಿನ ಮುಸಲ್ಮಾನರು, ಅರವತ್ತು ದಾಟಿದವರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಮಿತಭಾಷಿ. ಮನೆಯಲ್ಲಿ ದಖ್ಖನಿ, ಊರಲ್ಲಿ ಕನ್ನಡ, ಎರಡರಲ್ಲೂ ಜಿಪುಣ. ಒಂದು ವರ್ಷ ತಮ್ಮನ ಕೆಲಸ ನೋಡಿದ ಮೇಲೆ ಅವರು ಯಾರನ್ನೂ ಕೇಳದೆ ಅವನಿಗೆ ಲಾರಿ ಕಲಿಸಲು ಶುರುಮಾಡಿದರು.

ಕಲಿಸಿದ ರೀತಿ ನೋಡಿ ಊರೇ ನಕ್ಕಿತು. ಕಲಿಕೆಗೆಂದು ಇದ್ದಿಲು ಸುಡುವ ಹಾಗಿರಲಿಲ್ಲ. ಹಾಗಾಗಿ ಗಿರಣಿಯ ಹಿಂದಿನ ಬಯಲಿನಲ್ಲಿ ಉಸ್ತಾದರು ಮೂರು ಕಲ್ಲು ಹೂಳಿದರು. ಎಡಗಾಲಿಗೆ ಒಂದು ಚಪ್ಪಟೆ ಕಲ್ಲು, ಅದು ಕ್ಲಚ್ಚು. ಬಲಗಾಲಿಗೆ ಎರಡು, ಬ್ರೇಕು ಮತ್ತು ಎಕ್ಸಲೇಟರು. ಕೂಡಲು ಇದ್ದಿಲ ಚೀಲ. ಗೇರಿಗೆ ನೆಲದಲ್ಲಿ ಸಡಿಲವಾಗಿ ನೆಟ್ಟ ಬಿದಿರ ಕೋಲು. ಹರಿದ ಜರಡಿಯೊಂದರ ಬಳೆಯನ್ನು ಗೂಟಕ್ಕೆ ಸಿಕ್ಕಿಸಿ ಅದನ್ನು ಸ್ಟೇರಿಂಗು ಮಾಡಿದರು. ತಮ್ಮ ಅದರ ಮುಂದೆ ಕುಳಿತು, ಎಲ್ಲಿಗೂ ಹೋಗದ ಆ ಲಾರಿಯನ್ನು ಬೆವರು ಸುರಿಸಿ ಓಡಿಸುತ್ತಿದ್ದ. ಹತ್ತಿ ಹೊರುವ ಹಮಾಲರು ಹಾಯುವಾಗ “ಏ, ಯಲಬುರ್ಗಾ ಬಂತೇನಪಾ? ನಮ್ಮನ್ನೂ ಹತ್ತಿಸ್ಕೋ” ಎಂದು ಚೇಷ್ಟೆ ಮಾಡುತ್ತಿದ್ದರು.

ಒಂದು ರಜೆಯ ದಿನ ನಾನೂ ಹೋಗಿ ನಿಂತು ನೋಡಿದೆ. ಉಸ್ತಾದರು ‘ಕ್ಲಚ್’ ಎಂದರು. ತಮ್ಮನ ಕಾಲು ಕಲ್ಲಿನ ಮೇಲೆ ಬಿತ್ತು. ಉಸ್ತಾದರು ಬೀಡಿಯ ಒಂದು ದಮ್ಮು ಎಳೆದರು. ಆಮೇಲೆ ‘ಗೇರ್’. ಮತ್ತೆ ಸುಮ್ಮನೆ. ಆಮೇಲೆ ‘ಬಿಡು’. ಒಂದೇ ಉಸಿರಿನಲ್ಲಿ ಎರಡು ಮಾತನ್ನು ಅವರು ಹೇಳಿದ್ದನ್ನು ಅಲ್ಲಿ ನಾನು ಕೇಳಲಿಲ್ಲ. ಒಂದು ಗಂಟೆ ನೋಡುವಷ್ಟರಲ್ಲಿ ನನಗೆ ಆಕಳಿಕೆ ಬಂತು. ಮುದುಕನಿಗೆ ಕಲಿಸಲು ಬರುವುದಿಲ್ಲ ಎಂದು ಮಾಸ್ತರನಾದ ನಾನು ಮನಸ್ಸಿನಲ್ಲೇ ತೀರ್ಮಾನ ಕೊಟ್ಟೆ.

ನಿಜವಾದ ಲಾರಿಯ ಮೇಲೆ ಕೂಡಿಸಿದಾಗ ಅವನಿಗೆ ಎಲ್ಲವೂ ಬಂದಿತ್ತು, ಒಂದರ ಹೊರತು. ಬೆದರಿದಾಗ ಎರಡೂ ಕೈಯಿಂದ ಸ್ಟೇರಿಂಗನ್ನು ಎದೆಯ ಕಡೆಗೆ ಜಗ್ಗಿ ‘ಹೋ! ಹೋ!’ ಎನ್ನುತ್ತಿದ್ದ. ಬಂಡಿಯ ಮನೆತನದಿಂದ ಬಂದವರೆಲ್ಲ ಮಾಡುವ ತಪ್ಪು ಅದು. ಎತ್ತಾದರೆ ನಿಲ್ಲುತ್ತಿತ್ತು. ಲಾರಿ ನಿಲ್ಲುವುದಿಲ್ಲ. ಉಸ್ತಾದರು ಮತ್ತೆ ಅವನನ್ನು ಕಲ್ಲುಗಳ ಮುಂದೆ ಕೂಡಿಸಿ, ಹಿಂದಿನಿಂದ ಸಪ್ಪಳವಿಲ್ಲದೆ ಬಂದು ಡಬ್ಬಿ ಬಡಿದು ಬೆದರಿಸಿ, ಅವನ ಕೈಯನ್ನಲ್ಲ, ಕಾಲನ್ನು ನೋಡುತ್ತಿದ್ದರು. ಹೀಗೆ ಎರಡು ವರ್ಷ ನಡೆಯಿತು. ಕಲ್ಲುಗಳು ಅಲ್ಲಲ್ಲಿ ಸವೆದು ನುಣ್ಣಗಾಗಿದ್ದವು.

ಅಷ್ಟರಲ್ಲಿ ಉಸ್ತಾದರ ಕಣ್ಣಿಗೆ ಪೊರೆ ಬಂತು. ಮುಂದಿನ ಹತ್ತಿಯ ಹಂಗಾಮಿಗೆ ತಾನು ಓಡಿಸಲಾರೆ ಎಂದು ಅವರು ಸಾಹುಕಾರರಿಗೆ ಹೇಳಿದರು, ತಮ್ಮನ ಕೈಗೆ ಕೊಡಿ ಎಂದೂ ಹೇಳಿದರು. ಲೈಸೆನ್ಸು ತಂದರೆ ಲಾರಿ ಅವನದು, ತರದಿದ್ದರೆ ರಾಯಚೂರಿನಿಂದ ಬೇರೆ ಡ್ರೈವರನ್ನು ಕರೆಸುತ್ತೇನೆ ಎಂದರು ಸಾಹುಕಾರರು. ತಮ್ಮನಿಗೆ ಹದಿನೆಂಟು ತುಂಬಿತ್ತು. ಬಂಡಿ ಇರಲಿಲ್ಲ, ಓದು ಇರಲಿಲ್ಲ, ನಾಲ್ಕು ಜನರ ನಡುವೆ ನಿಂತು ಕೆಲಸ ಕೇಳುವ ಬಾಯಿ ಮೊದಲೇ ಇರಲಿಲ್ಲ. ಲಾರಿಯ ಆ ಸೀಟೊಂದೇ ಅವನಿಗೆ ಈ ಲೋಕದಲ್ಲಿ ಇದ್ದ ಜಾಗ. ಅದು ಮನೆಯ ಎಲ್ಲರಿಗೂ ಗೊತ್ತಿತ್ತು.

ಲೈಸೆನ್ಸಿನ ಸಾಹೇಬರು ಕೊಪ್ಪಳಕ್ಕೆ ಬರುವ ದಿನ ಗೊತ್ತಾಯಿತು. ಅವರ ಮಾತೆಲ್ಲ ಉರ್ದು. ನಾನು ದುಭಾಷಿಯಾಗಿ ಬರುತ್ತೇನೆ ಎಂದೆ. ಉಸ್ತಾದರು ಬೇಡವೆಂದರು. “ಮೂರು ವರ್ಷದಿಂದ ನನ್ನ ಜೋಡಿ ಅದಾನ್ರಿ ಮಾಸ್ತರ. ನನ್ನ ಬೋಲಿ ಅವಂಗ ತಿಳೀತೈತಿ. ನಿಮ್ಮ ಕನ್ನಡ ಎಷ್ಟು ತಿಳೀತೈತ್ಯೋ ಅಷ್ಟು ತಿಳೀತೈತಿ.” ನಾನು ಕೇಳಲಿಲ್ಲ. ಕರಿ ಕೋಟು ತೊಟ್ಟು, ಸಾಲಿಗೆ ರಜೆ ಹಾಕಿ ಹೊರಟೆ. ನನ್ನ ಉರ್ದುವನ್ನು ಒಬ್ಬ ಸಾಹೇಬರ ಎದುರು ಆಡಿ ತೋರಿಸುವ ಅವಕಾಶ ನನಗೆ ಬೇಕಾಗಿತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು.

ಗಿರಣಿಯ ಎದುರು ಜನ ಸೇರಿದ್ದರು. ಹಮಾಲರು, ಬಂಡಿಯವರು, ನನ್ನ ಸಾಲಿಯ ಮಕ್ಕಳ ತಂದೆಯರು, ಒಂದು ಬದಿಗೆ ಉಸ್ತಾದರು. ಸಾಹೇಬರು ವಯಸ್ಸಾದವರು, ಶಾಂತ ಮುಖದವರು. ತಮ್ಮನ ಹೆಸರು ಕೇಳಿದರು. ಅವನು ಹೇಳುವ ಮೊದಲೇ ನಾನು ಹೇಳಿದೆ. ವಯಸ್ಸು ಕೇಳಿದರು. ಅದನ್ನೂ ನಾನೇ ಹೇಳಿದೆ. ಅವರು ತಮ್ಮನನ್ನು ಒಂದು ಕ್ಷಣ ನೋಡಿ, ನನ್ನ ಕಡೆ ತಿರುಗಿ ಉರ್ದುವಿನಲ್ಲಿ ಸ್ಪಷ್ಟವಾಗಿಯೇ ಕೇಳಿದರು: ಈ ಹುಡುಗನಿಗೆ ಕಿವಿಯದೋ ಮಾತಿನದೋ ಏನಾದರೂ ತೊಂದರೆ ಇದೆಯೇ? ಇದ್ದರೆ ಈಗಲೇ ಹೇಳಿ, ಅದಕ್ಕೆ ತಕ್ಕ ಹಾಗೆ ಪರೀಕ್ಷೆ ಮಾಡೋಣ.

ತಮ್ಮ ನನ್ನ ಕಡೆ ನೋಡಿದ. ಅಲ್ಲಿ ನಿಂತವರೆಲ್ಲ ನನ್ನ ಕಡೆ ನೋಡಿದರು. ಹೌದು, ಇದೆ, ಒಂದು ಹೇಳಿ ಅದು ಮುಗಿದ ಮೇಲೆ ಇನ್ನೊಂದು ಹೇಳಬೇಕು ಎಂದಿದ್ದರೆ ಮುಗಿದುಹೋಗುತ್ತಿತ್ತು. ಮಾಸ್ತರನ ತಮ್ಮನಿಗೆ ಮಾತು ಬರುವುದಿಲ್ಲವಂತೆ ಎಂದು ನಾಳೆ ಓಣಿಯಲ್ಲಿ ಆಡಿಕೊಂಡಾರು ಎಂಬ ಒಂದೇ ಯೋಚನೆ ನನ್ನ ತಲೆಯಲ್ಲಿ. ನಾನು ನಕ್ಕು, ತೊಂದರೆ ಏನೂ ಇಲ್ಲ ಹುಜೂರ್, ಉರ್ದು ಬಾರದು ಅಷ್ಟೇ ಎಂದೆ. ನನ್ನ ಉಚ್ಚಾರ ಕೇಳಿ ಸಾಹೇಬರು ‘ಬಹುತ್ ಖೂಬ್’ ಎಂದರು. ನಾನು ಉಬ್ಬಿದೆ.

ಸಾಹೇಬರು ಲಾರಿ ಹತ್ತಿ ತಮ್ಮನ ಪಕ್ಕ ಕುಳಿತರು. ನಾನು ತಮ್ಮನ ಕಿಟಕಿಯ ಹೊರಗೆ ಪಾವಟಿಗೆಯ ಮೇಲೆ ನಿಂತೆ. ಸ್ಟೇಷನ್ನಿನ ತನಕ ಅವನು ನೀರು ಹರಿದಂತೆ ಓಡಿಸಿದ. ಒಂದು ಗೇರೂ ಕಿರುಗುಟ್ಟಲಿಲ್ಲ. ತಿರುಗಿ ಬರುವಾಗ ಸಾಹೇಬರು ಮುಂದಿನದನ್ನು ಹೇಳಿದರು: ಆ ಬೇವಿನ ಮರ ದಾಟಿ ನಿಲ್ಲಿಸು, ಆಮೇಲೆ ಎಡಕ್ಕೆ ಗಿರಣಿಯ ಬಾಗಿಲಿಗೆ ಹಿಂದಕ್ಕೆ ತೆಗೆದುಕೋ, ಮೂತಿ ರಸ್ತೆಯ ಕಡೆಗಿರಲಿ. ನಾನು ಅಷ್ಟನ್ನೂ ಒಂದೇ ಉಸಿರಿನಲ್ಲಿ ಕನ್ನಡಕ್ಕೆ ಇಳಿಸಿದೆ. ಸಾಲದ್ದಕ್ಕೆ ನನ್ನದೂ ಸೇರಿಸಿದೆ. “ಹೆದರಬ್ಯಾಡ, ಹಿಂದ ನೋಡ್ಕೋ, ಹಾರ್ನ್ ಹೊಡಿ, ಸಾಹೇಬ್ರು ನೋಡಾಕತ್ಯಾರ.”

ತಮ್ಮ ನನ್ನ ಮುಖ ನೋಡಿದ. ನಾನು ಅದನ್ನೇ ಮತ್ತೊಮ್ಮೆ, ಇನ್ನೂ ಜೋರಾಗಿ, ಇನ್ನೂ ಬೇಗ ಹೇಳಿದೆ. ಮರ ಬಂತು, ಅವನು ಅದನ್ನು ದಾಟಲಿಲ್ಲ. ನಡುರಸ್ತೆಯಲ್ಲೇ ನಿಲ್ಲಿಸಿ ಹಿಂದಕ್ಕೆ ತೆಗೆದ. ಹಿಂದೆ ಯಾರೋ ‘ಏಏ!’ ಎಂದು ಕೂಗಿದರು. ಅವನು ಸ್ಟೇರಿಂಗನ್ನು ಎದೆಗೆ ಜಗ್ಗಿ ‘ಹೋ! ಹೋ!’ ಎಂದ. ಎತ್ತು ಬಿಚ್ಚಿ ನಿಲ್ಲಿಸಿದ್ದ ಒಂದು ಬಂಡಿಗೆ ಲಾರಿ ಬಡಿದು, ಬಂಡಿಯ ನೊಗ ಕಟ್ಟುವ ಮೂಕಿ ಲಟಕ್ಕನೆ ಮುರಿಯಿತು. ದೇವರು ದೊಡ್ಡವನು, ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆ ‘ಹೋ ಹೋ’ ಕೇಳಿ ಗಿರಣಿಯ ಮುಂದಿನ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮ ಸ್ಟೇರಿಂಗಿನ ಮೇಲೆ ತಲೆ ಇಟ್ಟುಕೊಂಡ.

ಸಾಹೇಬರು ಇಳಿದು, ಕೋಪವಿಲ್ಲದೆಯೇ ಹೇಳಿದರು. ಹುಡುಗನ ಕೈ ಚೆನ್ನಾಗಿದೆ, ಆದರೆ ಹೇಳಿದ್ದನ್ನು ತಿಳಿಯದವನನ್ನು ರಸ್ತೆಗೆ ಬಿಡಲು ತನ್ನಿಂದಾಗದು. ಮಳೆಗಾಲ ಕಳೆದು ಗಂಗಾವತಿಗೆ ಬರುತ್ತೇನೆ, ಅಲ್ಲಿಗೆ ಕರೆತನ್ನಿ. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನಾನು ಬಹಳ ಪ್ರಯತ್ನಪಟ್ಟೆ. ಸಿಗಲಿಲ್ಲ. ಹಾಗಾಗಿ ಮನೆಯ ದಾರಿಯುದ್ದಕ್ಕೂ ತಮ್ಮನಿಗೇ ಬೈದೆ. ಅವನು ನನ್ನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಬರುತ್ತಿದ್ದ.

ಅವತ್ತಿನಿಂದ ಅವನು ಮನೆಯಲ್ಲಿ ಇದ್ದ ಅಷ್ಟು ಮಾತನ್ನೂ ಬಿಟ್ಟ. ನೀರು ಬೇಕಾದರೆ ತಾನೇ ಎದ್ದು ಹೋಗಿ ಕುಡಿಯುವುದು, ಕರೆದರೆ ಬರುವುದು, ಕೇಳಿದ್ದಕ್ಕೆ ತಲೆಯಾಡಿಸುವುದು. ಅವ್ವ ರೊಟ್ಟಿ ಬಡಿಯುತ್ತ “ನನ್ನ ಮಗಂದು ಇದ್ದ ನಾಕು ಮಾತೂ ಹೋದವಲ್ಲೋ” ಎಂದು ಅತ್ತಳು. ಈ ಸಲವೂ ಲೈಸೆನ್ಸು ಸಿಗದಿದ್ದರೆ ಹಂಗಾಮು ಶುರುವಾಗುವ ಮೊದಲೇ ಬೇರೆ ಡ್ರೈವರ್ ಬರುತ್ತಾನೆ ಎಂದು ಗಿರಣಿಯಿಂದ ಹೇಳಿಕಳಿಸಿದರು.

ಒಂದು ಭಾನುವಾರ ಬೆಳಿಗ್ಗೆ ಉಸ್ತಾದರು ಮನೆಗೆ ಬಂದರು. ಕಟ್ಟೆಯ ಮೇಲೆ ಕುಳಿತು ಅವ್ವ ಕೊಟ್ಟ ಚಹಾ ಮುಗಿಸಿದರು. ಆಮೇಲೆ ನನಗೆ ಹೇಳಿದರು, “ಮಾಸ್ತರ, ಗಂಗಾವತಿಗೆ ನೀವು ಬರಬ್ಯಾಡ್ರಿ.”

“ನನ್ನ ತಮ್ಮನ ವಿಷಯದಾಗ ನನಗ ಹೇಳಾಕ ಬರಬ್ಯಾಡ್ರಿ ಉಸ್ತಾದರ,” ಎಂದೆ.

“ಹಮಾಲರು ನಗ್ತಾರ, ಅಂವ ತಡಕೊಂತಾನ. ನೀವು ಅವಂಗ ಏನೂ ಆಗಿಲ್ಲ ಅಂದ್ರಿ ನೋಡ್ರಿ, ಅದ ಅವಂಗ ಭಾಳ ಹತ್ತೇತಿ. ಆಗಿದ್ದು ಆಗೇತಿ ಅಂತ ಹೇಳಾಕ ನಾಚಿಕಿ ಯಾಕ?” ಎಂದರು. ಕೋಲು ಹಿಡಿದು ಎದ್ದು, ಮೆಟ್ಟಿಲನ್ನು ಕಾಲಿನಿಂದ ತಡವಿಕೊಂಡು ಇಳಿದು ಹೋದರು.

ಒಂದು ವಾರ ಅವರನ್ನು ಮನಸ್ಸಿನಲ್ಲಿ ಬೈದುಕೊಂಡೆ. ನಂತರ ಒಂದು ದಿನ ಸಾಲಿಯಲ್ಲಿ, ಪಾಠ ಒಪ್ಪಿಸಲು ಎದ್ದುನಿಂತ ಒಬ್ಬ ಹುಡುಗನ ಮಾತನ್ನು ನಾನು ಮುಗಿಸಿದೆ. ಅವನು ನನ್ನನ್ನು ನೋಡಿ ‘ಹೂಂ ರೀ’ ಎಂದು ಕುಳಿತ. ಅವನು ಹೇಳಹೊರಟದ್ದು ಅದೇ ಆಗಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅವನೇ ಮೊದಲನೆಯವನಲ್ಲ, ಎಷ್ಟು ಜನರಿಗೆ ಹೀಗೆ ಮಾಡಿದ್ದೇನೆ ಎಂಬುದೂ ಗೊತ್ತಿರಲಿಲ್ಲ. ಆ ದಿನ ಉಳಿದ ಪಾಠವನ್ನು ಹೇಗೆ ಮುಗಿಸಿದೆನೋ. ನನ್ನ ತಮ್ಮನಿಗೆ ಹದಿನೆಂಟು ವರ್ಷ ನಾನು ಮಾಡಿದ್ದು ಇದೇ ಎಂದು ಮೊದಲ ಸಲ ನಾಚಿಕೆಯಾಯಿತು. ಅದನ್ನು ಅವನಿಗೆ ಹೇಳಲು ಮಾತ್ರ ನನ್ನಿಂದ ಆಗಲಿಲ್ಲ. ಅಷ್ಟೆಲ್ಲ ಉರ್ದು ಕನ್ನಡ ಆಡುವ ನನಗೆ ಆ ಒಂದು ಮಾತಿಗೆ ಬಾಯಿ ಬರಲಿಲ್ಲ.

ಗಂಗಾವತಿಗೆ ಹೋಗುವ ದಿನ ಬೆಳಿಗ್ಗೆ ತಮ್ಮ ತಲೆಗೆ ಎಣ್ಣೆ ಹಚ್ಚಿಕೊಂಡು, ಒಗೆದ ಅಂಗಿ ತೊಟ್ಟು ನನ್ನ ಮುಂದೆ ಬಂದು ನಿಂತ. “ಅಣ್ಣಾ, ನೀ ಬರಬ್ಯಾಡ,” ಎಂದ. ಎಲ್ಲೂ ತಡೆಯದೆ ಹೇಳಿದ. ನಾನು ‘ಆತು’ ಎಂದೆ. ಉಸ್ತಾದರು ಅವನ ಪಕ್ಕ ಕುಳಿತರು, ಲಾರಿ ಹೊಗೆ ಬಿಡುತ್ತ ಹೊರಟಿತು. ಆ ದಿನ ಸಾಲಿಯಲ್ಲಿ ನಾನು ಬೋರ್ಡಿನ ಮೇಲೆ ಒಂದೇ ಲೆಕ್ಕವನ್ನು ಎರಡು ಸಲ ಬರೆದೆನಂತೆ. ಮಕ್ಕಳು ಕಿಸಕ್ಕನೆ ನಕ್ಕಾಗಲೇ ತಿಳಿದದ್ದು.

ಹೊತ್ತು ಮುಳುಗುವ ಮುಂಚೆ ಲಾರಿಯ ಸದ್ದು ಓಣಿಯ ತುದಿಯಲ್ಲಿ ಕೇಳಿತು. ಉಸ್ತಾದರು ಕೆಳಗಿಳಿಯದೆ ಅಲ್ಲಿಂದಲೇ “ಪಾಸ್ ಆಗ್ಯಾನ್ರೀ ಅಕ್ಕಾ!” ಎಂದು ಅವ್ವನಿಗೆ ಕೂಗಿ ಹೇಳಿದರು. ಅಷ್ಟು ಜೋರಾದ ದನಿ ಅವರಿಗೆ ಇದೆ ಎಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಎದ್ದು ನಿಂತು ಸುಮ್ಮನೆ ತಲೆಯ ಪಟಗ ಬಿಚ್ಚಿ ಮತ್ತೆ ಸುತ್ತಿಕೊಂಡ. ತಮ್ಮ ಕೈಕಾಲು ತೊಳೆದು ಒಳಗೆ ಬಂದ.

ಒಲೆಯ ಮುಂದೆ ನಾವೆಲ್ಲ ಕುಳಿತೆವು. ಅವ್ವ ರೊಟ್ಟಿ ಬಡಿಯುತ್ತ, “ಏನ್ ಕೇಳಿದ್ರಪಾ ಸಾಹೇಬ್ರು? ನೀ ಏನ್ ಹೇಳಿದಿ?” ಎಂದಳು.

ಅವನು ಎಂದಿನಂತೆ ಕೊನೆಯಿಂದ ಶುರುಮಾಡಿದ. ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದು ಮೊದಲು ಬಂತು. ಆಮೇಲೆ ಸಂತೆಯ ಜನ, ಅದಕ್ಕೂ ಹಿಂದೆ ಹೊಳೆಯ ಕಡೆಯ ಇಳಿಜಾರು. ಮಾತು ಸಿಗದೆ ನಿಂತ ಕಡೆಯಲ್ಲೆಲ್ಲ ನನ್ನ ತುಟಿ ಅದುರುತ್ತಿತ್ತು. ಅವನಿಗೆ ಬೇಕಾದ ಮಾತು ನನ್ನ ಬಾಯಿಯ ತುದಿಗೇ ಬಂದು ಕುಳಿತಿರುತ್ತಿತ್ತು. ರೊಟ್ಟಿ ಮುರಿದು ಬಾಯಿಗೆ ತುರುಕಿಕೊಂಡೆ. ಅವನು ನಿಂತ, ಹುಡುಕಿದ, ಮುಂದೆ ಹೋದ. ಲಾರಿ ಹತ್ತುವ ಮೊದಲೇ ಅವನು ತಾನಾಗಿ ಸಾಹೇಬರ ಮುಂದೆ ಹೋಗಿ ನಿಂತನಂತೆ, ಅವನು ಆಡಿದ್ದನ್ನು ಉಸ್ತಾದರು ಒಂದೊಂದಾಗಿ ಉರ್ದುವಿಗೆ ಇಳಿಸಿದರಂತೆ.

“ನನಗ ಮಾತು ತಡ್ರೀ, ಅಂದೆ. ಒಂದು ಹೇಳ್ರಿ, ಮಾಡ್ತೀನಿ. ಆಮ್ಯಾಲ... ಇನ್ನೊಂದು ಹೇಳ್ರಿ, ಅಂದೆ.”

“ಅವರು?” ಎಂದ ಅಪ್ಪ.

“ಹಂಗ ಹೇಳಿದ್ರು. ಒಂದೊಂದ.” ಅವನು ಒಂದು ಕಟ್ಟಿಗೆಯನ್ನು ಒಲೆಯೊಳಗೆ ನೂಕಿದ. “ಮತ್ತ ಕೇಳಿದ್ರು. ಇದನ್ನ ಹೋದ ಸಲ ಯಾಕ ಹೇಳಲಿಲ್ಲ, ಅಂದ್ರು.”

“ನೀ ಏನಂದಿ?”

“ಅಣ್ಣ...” ಎಂದು ಅವನು ನಿಂತ.

ಆ ಮಾತನ್ನು ನಾನು ಮನಸ್ಸಿನಲ್ಲಿ ಮುಗಿಸಿಯಾಗಿತ್ತು. ಅಣ್ಣ ಹೇಳಗೊಡಲಿಲ್ಲ. ಅಣ್ಣ ಸುಳ್ಳು ಹೇಳಿದ. ಎರಡರಲ್ಲಿ ಯಾವುದಾದರೂ ಸರಿಯೇ, ಎರಡೂ ನಿಜ. ತಲೆ ತಗ್ಗಿಸಿ ಒಪ್ಪಿಕೊಳ್ಳಲು ನಾನು ಸಿದ್ಧನಾಗಿದ್ದೆ. ಹಂಚಿನ ಮೇಲಿನ ರೊಟ್ಟಿ ಉಬ್ಬಿತು. ಅವ್ವ ಅದನ್ನು ತಿರುವಿ ಹಾಕಿದಳು, ತೆಗೆದು ಬುಟ್ಟಿಗಿಟ್ಟಳು. ಅವನು ಹುಡುಕುತ್ತಲೇ ಇದ್ದ.

“ಅಣ್ಣ ಹೇಳ್ತಾನ ಅಂತ... ಕಾಯ್ಕೋಂತ ನಿಂತಿದ್ದೆ, ಅಂದೆ.”

ಅವನು ಅದನ್ನು ದೂರಾಗಿ ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಸಾಹೇಬರಿಗೆ ಕೊಟ್ಟ ಉತ್ತರವನ್ನು ಅವ್ವನಿಗೂ ಒಪ್ಪಿಸಿ, ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ಉಣ್ಣತೊಡಗಿದ. ನಾನು ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತು ಅತ್ತೆ.